ಹೆಣ ಎತ್ತಿದವರು ಯಾರು?

‘ಸಂಸ್ಕಾರ’ ಚಿತ್ರವನ್ನು ಮೊಟ್ಟಮೊದಲು ಸರಿಯಾಗಿ ಅರ್ಥಮಾಡಿಕೊಂಡವರು ಸೆನ್ಸಾರಿನವರು ಎಂದು ನಾವು ಹೇಳಿದರೆ ಓದುಗ ಬಂಧುಗಳು ನಗಬಾರದು. ಅದು ಹಳೆಯ ಕಾಲದ ಕಥೆ. ಪ್ಲೇಗಿನ ಕಾಲ, ಅಗ್ರಹಾರದ ಕಾಲ, ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಕಾಲ. ಆದರೂ 1970ರಲ್ಲಿ ಮದರಾಸಿನ ಸೆನ್ಸಾರ್ ಮಂಡಳಿಯವರು ಅದನ್ನು ನೋಡಿ, ಒಂದು ಸಮಾಜದವರ ಮನಸ್ಸು ನೊಂದೀತೆಂದು ತಡೆದು ನಿಲ್ಲಿಸಿದರು. ಮುಗಿದುಹೋದ ಕಾಲದ ಕಥೆಯನ್ನು ಯಾರಾದರೂ ನಿಷೇಧಿಸುತ್ತಾರೆಯೆ? ಅದು ಮುಗಿದಿಲ್ಲ, ತಮ್ಮ ಮನೆಯ ಬಾಗಿಲಲ್ಲೇ ನಿಂತಿದೆ ಎಂದು ತಿಳಿದವರೇ ಹಾಗೆ ಮಾಡಬಲ್ಲರು. ಆಮೇಲೆ ದಿಲ್ಲಿಗೆ ಮೇಲ್ಮನವಿ ಹೋಗಿ ನಿಷೇಧ ತೆರವಾಯಿತು. ಅದೇ 1970ರ ಸಾಲಿನ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ತಡೆದ ಕೈಯೂ ಸರ್ಕಾರದ್ದೇ, ಹಾರ ಹಾಕಿದ ಕೈಯೂ ಸರ್ಕಾರದ್ದೇ.

ಅರ್ಧ ಶತಮಾನ ದಾಟಿದ ಮೇಲೆ ಅದೇ ಚಿತ್ರವನ್ನು ಸೋಂಪುರದಲ್ಲಿ ಪರದೆ ಕಟ್ಟಿ ತೋರಿಸಿದಾಗ ಯಾರ ಮನಸ್ಸೂ ನೋಯಲಿಲ್ಲ. ಜನ ನಕ್ಕರು. ನಮಗೆ ಚಿಂತೆ ಹತ್ತಿದ್ದು ಅಲ್ಲಿ.

ಬಂದಿದ್ದವರು ಅರವತ್ತು ಎಪ್ಪತ್ತು ಮಂದಿ. ಡಾಬಸ್‌ಪೇಟೆ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕರು, ಸಂತೆ ವ್ಯಾಪಾರದವರು, ಚಿಲ್ಲರೆ ಅಂಗಡಿ ಬಾಗಿಲು ಹಾಕಿ ಬಂದವರು, ದೊಡ್ಡಬಳ್ಳಾಪುರದಿಂದ ಮಗ್ಗದ ನಾಲ್ಕು ಜನ ಸಂಗಾತಿಗಳು. ಬಣ್ಣವಿಲ್ಲದ ಚಿತ್ರ, ಕುಣಿತವಿಲ್ಲ, ಹೊಡೆದಾಟವಿಲ್ಲ. ಹುಡುಗರು ಕೆಲವರು ಅರ್ಧ ಗಂಟೆಯಲ್ಲೇ ಎದ್ದು ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ನಡೆದರು. ಅವರನ್ನು ದೂರುವುದಿಲ್ಲ. ಹನ್ನೆರಡು ಗಂಟೆ ನಿಂತು ದುಡಿದವನಿಗೆ ಸಿನಿಮಾ ತುಸು ಉಲ್ಲಾಸ ಕೊಡಲೆಂದು ಬಯಸುವುದು ಅಪರಾಧವಲ್ಲ. ಆದರೆ ಕೂತವರು ಕೊನೆಯ ತನಕ ಕೂತರು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ತುಂಗಾ ತೀರದಲ್ಲಿ ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರ. ಅಲ್ಲಿನ ನಾರಣಪ್ಪ ಹೆಂಡ ಕುಡಿದವನು, ಮಾಂಸ ತಿಂದವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಕುಂದಾಪುರದ ಚಂದ್ರಿಯೊಡನೆ ಸಂಸಾರ ಹೂಡಿದವನು. ಶಿವಮೊಗ್ಗಕ್ಕೆ ಹೋಗಿಬಂದು ಜ್ವರ ಹಿಡಿದು ಸತ್ತ. ಹೆಣ ಮನೆಯಲ್ಲಿದೆ. ಹೆಣ ಎದ್ದ ಹೊರತು ಅಗ್ರಹಾರದವರು ಉಣ್ಣುವಂತಿಲ್ಲ. ಎತ್ತಿದರೆ ಜಾತಿ ಕೆಡುತ್ತದೆ, ಎತ್ತದಿದ್ದರೆ ಧರ್ಮ ಕೆಡುತ್ತದೆ. ಬದುಕಿದ್ದಾಗ ಅವನನ್ನು ಬಹಿಷ್ಕರಿಸಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಆದರೆ ಬಹಿಷ್ಕರಿಸಿದರೆ ಮುಸಲ್ಮಾನನಾಗಿಬಿಡುತ್ತೇನೆಂದು ಆತ ಹೆದರಿಸಿದ್ದ. ಆದುದರಿಂದ ಎಲ್ಲರೂ ಮಹಾಪಂಡಿತರಾದ ಪ್ರಾಣೇಶಾಚಾರ್ಯರ ಕಡೆ ನೋಡುತ್ತಾರೆ, ಆಚಾರ್ಯರು ಗ್ರಂಥದ ಕಡೆ ನೋಡುತ್ತಾರೆ.

ಆಗ ಚಂದ್ರಿ ತನ್ನ ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿ ಖರ್ಚಿಗೆಂದು ಆಚಾರ್ಯರ ಮುಂದಿಡುತ್ತಾಳೆ. ಅಲ್ಲಿಗೆ ಆಟ ಶುರುವಾಗುತ್ತದೆ. ಇದುವರೆಗೆ ಹೆಣ ಬೇಡ ಬೇಡ ಎಂದವರಿಗೆ ಈಗ ಅದೇ ಹೆಣದ ಮೇಲೆ ನೆಂಟಸ್ತಿಕೆ. ಗರುಡಾಚಾರ್ಯನಿಗೆ ತಾನು ಹತ್ತಿರದ ಸಂಬಂಧಿ, ಲಕ್ಷ್ಮಣಾಚಾರ್ಯನಿಗೆ ತಾನು ಇನ್ನೂ ಹತ್ತಿರ. ಹೆಂಡಂದಿರು ಒಳಗಿನಿಂದ ಗಂಡಂದಿರನ್ನು ತಿವಿಯುತ್ತಾರೆ. ಹಸಿವು ತಾಳಲಾರದ ದಾಸಾಚಾರ್ಯ ಪಕ್ಕದ ಊರಿನ ಸ್ಮಾರ್ತರ ಮನೆಯಲ್ಲಿ ಗುಟ್ಟಾಗಿ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಮಾಳಿಗೆಯ ಮೇಲೆ ರಣಹದ್ದುಗಳು ಬಂದು ಕೂತರೆ ಶಂಖ ಜಾಗಟೆ ಬಾರಿಸಿ ಓಡಿಸುತ್ತಾರೆ. ಇಲಿಗಳು ಸುತ್ತ ತಿರುಗಿ ಸಾಯುತ್ತಿವೆ, ಅದರ ಅರ್ಥ ಯಾರಿಗೂ ಹೊಳೆಯುವುದಿಲ್ಲ.

ಪಂಡಿತರು ಈ ಕಾದಂಬರಿಯನ್ನು ಬಹಳ ಗಂಭೀರವಾದುದೆಂದು ಬರೆದಿದ್ದಾರೆ. ಗಂಭೀರವೇ ಸರಿ. ಆದರೆ ಮೊದಲರ್ಧ ಶುದ್ಧ ವಿಡಂಬನೆಯೆಂದು ನಮ್ಮ ಅಭಿಪ್ರಾಯ, ಮತ್ತು ಸೋಂಪುರದ ಜನ ಅದನ್ನು ಹಾಗೆಯೇ ತೆಗೆದುಕೊಂಡರು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಲಾರಿ ಕ್ಲೀನರೊಬ್ಬರು, “ಏನ್ ಮೇಷ್ಟ್ರೇ, ಹೆಣ ಮಡಿಕ್ಕಂಡು ಒಡವೆ ಲೆಕ್ಕ ಹಾಕ್ತಾವ್ರಲ್ಲ!” ಎಂದು ತೊಡೆ ತಟ್ಟಿಕೊಂಡು ನಕ್ಕರು. ಹಿಂದಿನಿಂದ ಇನ್ನೊಬ್ಬರು, “ಅದೆಲ್ಲ ಆವಾಗ್ಲಿಂದು ಬಿಡಣ್ಣ, ಈಗೆಲ್ಲೈತೆ?” ಎಂದರು.

ಈ “ಆವಾಗ್ಲಿಂದು” ಎಂಬ ಮಾತು ನಮ್ಮ ಕಿವಿಗೆ ಮುಳ್ಳಿನಂತೆ ಚುಚ್ಚಿತು. ಹಳೆಯ ಕಾಲದ ಕಥೆಗೆ ಇರುವ ದೊಡ್ಡ ಅಪಾಯವೇ ಇದು. ಜುಟ್ಟು, ಪಂಚೆ, ಜಾಗಟೆ ಕಂಡಕೂಡಲೆ ನೋಡುವವನು ತಾನು ಪಾರಾದೆನೆಂದುಕೊಳ್ಳುತ್ತಾನೆ. ಬ್ರಾಹ್ಮಣರ ಅಗ್ರಹಾರವನ್ನು ಕಂಡು ಬ್ರಾಹ್ಮಣರಲ್ಲದವರು ನಗುವುದು ಬಹಳ ಸುಲಭ. ಅಲ್ಲಿ ನಕ್ಕವರಲ್ಲಿ, ತಮ್ಮ ಊರಿನ ದೇವಸ್ಥಾನದ ಮೆಟ್ಟಿಲು ಯಾರು ಹತ್ತಬಹುದು, ಕ್ಷೌರದಂಗಡಿಯ ಕುರ್ಚಿಯಲ್ಲಿ ಯಾರು ಕೂರಬಹುದು ಎಂಬುದನ್ನು ಇಂದಿಗೂ ಅಳತೆ ಹಾಕುವ ಮನೆಗಳವರೂ ಇದ್ದರು. ಅವರು ನಮ್ಮವರೇ, ಒಕ್ಕಲಿಗರು, ಲಿಂಗಾಯಿತರು, ನೇಕಾರರು, ಸಂಘಕ್ಕೆ ಚಂದಾ ಕೊಡುವವರು. ಮದರಾಸಿನ ಸೆನ್ಸಾರಿನವರಿಗೆ ಬಂದ ಕೋಪ ಇವರಿಗೆ ಬರಲಿಲ್ಲವೆಂದರೆ, ಬಾಣ ಇವರ ತಲೆಯ ಮೇಲೆ ಹಾದುಹೋಯಿತೆಂದು ಅರ್ಥ.

ಬಾಣ ಎಲ್ಲಿ ನಾಟಬೇಕೆಂದು ನಾವು ಹೇಳುತ್ತೇವೆ. ಇಡೀ ಕಥೆಯಲ್ಲಿ ಒಂದು ಕೆಲಸ ಆಗಬೇಕಾಗಿದೆ. ಹೆಣ ಸುಡಬೇಕು. ಆಚಾರ್ಯರು ತಾಳೆಗರಿ ತಿರುವಿದರು, ಉತ್ತರ ಸಿಗಲಿಲ್ಲ. ಕಾಡಿನ ಮಾರುತಿ ಗುಡಿಗೆ ಹೋಗಿ ಪ್ರಸಾದ ಬೇಡಿದರು, ದೇವರು ಎಡಕ್ಕೂ ಹೂವು ಕೊಡಲಿಲ್ಲ, ಬಲಕ್ಕೂ ಕೊಡಲಿಲ್ಲ. ಅಗ್ರಹಾರದವರು ಪಾರಿಜಾತಪುರಕ್ಕೆ ನಡೆದರು, ಕೈಮರಕ್ಕೆ ನಡೆದರು, ಕೊನೆಗೆ ಗುರುಗಳನ್ನು ಕೇಳಲು ಮಠಕ್ಕೇ ಹೊರಟರು. ಇತ್ತ ಚಂದ್ರಿ ರಾತ್ರಿ ಮನೆಗೆ ಬಂದು ಊದಿಕೊಂಡ ಹೆಣವನ್ನು ಕಂಡು ಹೌಹಾರುತ್ತಾಳೆ. ಮೊದಲು ಗಾಡಿಯ ಶೇಷಪ್ಪನ ಬಳಿ ಓಡುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿದರೆ ನರಕವೆಂದು ಆತ ಹೆದರುತ್ತಾನೆ. ಆಮೇಲೆ ಮೀನು ಮಾರುವ ಅಹಮದ್ ಬ್ಯಾರಿಯ ಬಳಿ ಹೋಗುತ್ತಾಳೆ. ಕಷ್ಟಕಾಲದಲ್ಲಿ ಎತ್ತು ಕೊಳ್ಳಲು ನಾರಣಪ್ಪ ತನಗೆ ದುಡ್ಡು ಕೊಟ್ಟಿದ್ದುದು ಬ್ಯಾರಿಗೆ ನೆನಪಿದೆ. ಗಾಡಿ ಹೂಡಿ, ಸೌದೆ ಹೇರಿ, ಕತ್ತಲಲ್ಲೇ ಹೆಣ ಸಾಗಿಸಿ ಸುಟ್ಟು, ಎತ್ತುಗಳನ್ನು ಹೊಡೆದುಕೊಂಡು ಹೋಗಿಬಿಡುತ್ತಾನೆ.

ಬಂಧುಗಳೆ, ಇಲ್ಲಿ ನಿಂತು ಯೋಚಿಸಿರಿ. ಹೆಣ ಬೂದಿಯಾಗಿದೆ. ಅಗ್ರಹಾರದವರಿಗೆ ಅದು ಗೊತ್ತಿಲ್ಲ. ಅವರು ಇನ್ನೂ ದಾರಿ ಸವೆಸುತ್ತಿದ್ದಾರೆ, ಇಲ್ಲದ ಹೆಣವನ್ನು ಎತ್ತಲು ಅಪ್ಪಣೆ ಕೇಳುತ್ತಿದ್ದಾರೆ. ಮಠದಲ್ಲಿ ಅಪ್ಪಣೆಯೂ ಆಗುತ್ತದೆ, ಜೊತೆಗೆ ಸತ್ತವನ ಚಿನ್ನ ಆಸ್ತಿ ಶ್ರೀಕೃಷ್ಣನಿಗೆ ಸೇರಬೇಕೆಂದೂ ಆಗುತ್ತದೆ. ಕೆಲಸ ಮಾಡಿದವನು ಯಾರು? ಒಬ್ಬ ಸಣ್ಣ ವ್ಯಾಪಾರಿ. ಕರಾವಳಿಯ ಬ್ಯಾರಿಗಳ ಹೆಸರೇ ವ್ಯಾಪಾರದಿಂದ ಬಂದುದೆಂದು ಹೇಳುತ್ತಾರೆ. ಅವನಿಗೆ ಶಾಸ್ತ್ರ ಗೊತ್ತಿಲ್ಲ, ಸಾಲದ ಲೆಕ್ಕ ಗೊತ್ತು. ಪತ್ರವಿಲ್ಲದ, ಸಾಕ್ಷಿಯಿಲ್ಲದ ಸಾಲವನ್ನು ಆತ ನಡುರಾತ್ರಿ ತೀರಿಸಿದ. ಕೈಕಡದಿಂದ ಅಂಗಡಿ ನಡೆಸುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕಹಿಯಾದುದು. ಅದೇ ಪ್ಲೇಗು ಊರಾಚೆಯ ದಲಿತರ ಗುಡಿಸಲುಗಳಲ್ಲೂ ಜನರನ್ನು ತಿನ್ನುತ್ತದೆ. ಅಲ್ಲಿ ಗಂಡಹೆಂಡಿರು ಸತ್ತರೆ ಯಾರೂ ಗ್ರಂಥ ತೆರೆಯುವುದಿಲ್ಲ, ಗುರುಗಳ ಬಳಿ ಹೋಗುವುದಿಲ್ಲ. ಹೆಣಗಳ ಸಮೇತ ಗುಡಿಸಲಿಗೇ ಬೆಂಕಿ ಹಚ್ಚುತ್ತಾರೆ. ಒಂದು ಹೆಣಕ್ಕೆ ಮೂರು ಊರಿನ ಪಂಡಿತರು, ಇನ್ನೊಂದಕ್ಕೆ ಒಂದು ಬೆಂಕಿಕಡ್ಡಿ. ಬರೆದವರು ಇದನ್ನು ಎತ್ತಿದ ದನಿಯಲ್ಲಿ ಹೇಳುವುದಿಲ್ಲ, ಹಾದುಹೋಗುತ್ತ ಹೇಳುತ್ತಾರೆ. ನಮ್ಮ ಕಣ್ಣಿಗೆ ಕಥೆಯ ಹೂರಣವೇ ಅದು. ನಮ್ಮ ಸೀಮೆಗೂ ಪ್ಲೇಗು ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಬಂದು ಮುಂದೆ ವರ್ಷಗಟ್ಟಲೆ ಕಾಡಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಮಾತು ಹಿರಿಯರ ಬಾಯಲ್ಲಿ ಉಳಿದುಬಂದಿದೆ. ಆ ಗುಡಿಸಲುಗಳೂ ಜಾತಿಯ ಸಾಲಿನಲ್ಲೇ ಎದ್ದಿದ್ದವೆ ಎಂದು ಅವರನ್ನು ಕೇಳಿದವರು ಕಡಮೆ.

ಈ ಕಾದಂಬರಿ ಹುಟ್ಟಿದ್ದು ಒಂದು ಸಿನಿಮಾದಿಂದಲೇ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಸ್ವೀಡನ್ನಿನ ಬರ್ಗ್‌ಮನ್ ತೆಗೆದ ‘ಸೆವೆಂತ್ ಸೀಲ್’ ಎಂಬ, ಪ್ಲೇಗಿನ ಕಾಲದ ಚಿತ್ರವನ್ನು ನೋಡಿದರು. ತಮ್ಮ ಮಲೆನಾಡಿನ ಪ್ಲೇಗು ನೆನಪಾಗಿ ಬರೆದ ಪುಸ್ತಕ 1965ರಲ್ಲಿ ಹೊರಬಂತು. ಐದು ವರ್ಷಕ್ಕೆ ಅದು ಮತ್ತೆ ಸಿನಿಮಾ ಆಯಿತು. ತೆಗೆದವರು ನೆಲ್ಲೂರಿನ ಕಡೆಯ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥರದು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ. ಶೃಂಗೇರಿಯ ಹತ್ತಿರ ವೈಕುಂಠಪುರವೆಂಬ ಊರಿನಲ್ಲಿ ಚಿತ್ರೀಕರಣವಾಯಿತು. ಸ್ಟುಡಿಯೋದಲ್ಲಿ ರಟ್ಟಿನ ಅಗ್ರಹಾರ ಕಟ್ಟದೆ ನಿಜವಾದ ಜಗಲಿ, ನಿಜವಾದ ಹೊಳೆ ತೋರಿಸಿದ್ದರಿಂದಲೇ ಅದು ಚುಚ್ಚುತ್ತದೆ. ಇವರಲ್ಲಿ ಹಲವರು ಲೋಹಿಯಾರ ವಿಚಾರಕ್ಕೆ ಒಲಿದವರು. ಕಾಗೋಡು ಸತ್ಯಾಗ್ರಹದ ಶಾಂತವೇರಿ ಗೋಪಾಲಗೌಡರ ಬಳಗದಲ್ಲಿ ಅನಂತಮೂರ್ತಿಯವರು ಓಡಾಡಿದವರು. ಇದನ್ನು ನಾವು ನಮ್ಮ ಮನೆಯ ಹೆಮ್ಮೆಗಾಗಿ ಹೇಳುತ್ತಿಲ್ಲ. ಜಾತಿಯನ್ನು ಒಡೆಯದೆ ಹೊಟ್ಟೆಯ ಪ್ರಶ್ನೆಯನ್ನು ಬಿಡಿಸಲಾಗದೆಂದು ಲೋಹಿಯಾ ಹೇಳುತ್ತಿದ್ದ ದಿನಗಳಲ್ಲಿ ಆ ಮಾತು ಸಾಹಿತ್ಯಕ್ಕೂ ಸಿನಿಮಾಕ್ಕೂ ಹೇಗೆ ಹರಿಯಿತು ಎಂಬುದಕ್ಕೆ ಹೇಳುತ್ತಿದ್ದೇವೆ.

ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರ ವಿಷಯ ಬೇರೆಯಾಗಿಯೇ ಹೇಳಬೇಕು. ಅವರು ನಿರ್ದೇಶಕರ ಪತ್ನಿ, ರಂಗಭೂಮಿಯ ನಟಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಮೊಕದ್ದಮೆಯ ಹೆಸರಿನಲ್ಲಿ ಅವರನ್ನು ಬಂಧಿಸಿದರು. ಜಾರ್ಜ್ ಫರ್ನಾಂಡಿಸರ ಬಳಗದವರೆಂಬುದೇ ಅಪರಾಧ. ಕೊನೆಗೆ ಅವರ ಮೇಲೆ ಆರೋಪಪಟ್ಟಿಯೂ ಇಲ್ಲ. ಉಬ್ಬಸದ ರೋಗಿಯನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟು, ದೇಹ ಪೂರ್ತಿ ಇಳಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಐದೇ ದಿನಕ್ಕೆ, ಜನವರಿ 20ರಂದು, ತೀರಿಕೊಂಡರು. ಆ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್. ಸಂಬಳದ ಬಾಕಿಗೆಂದು, ಪಿಎಫ್‌ಗೆಂದು ನಮ್ಮ ಗಾರ್ಮೆಂಟ್ಸ್ ಸೋದರಿಯರು ಬಸ್ಸು ಹಿಡಿದು ಹೋಗಿ ಧರಣಿ ಕೂರುವುದು ಅಲ್ಲಿಯೇ. ಕೂತವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಪ್ರದರ್ಶನ ಮುಗಿದ ಮೇಲೆ ನಾವು ಇದನ್ನು ಹೇಳಿದಾಗ ಹೆಣ್ಣುಮಕ್ಕಳ ಸಾಲಿನಿಂದ ಒಬ್ಬರು, “ಒಡವೆ ಕೊಟ್ಟೋಳೇನಾ?” ಎಂದು ಕೇಳಿದರು. ಹೌದು, ಒಡವೆ ಬಿಚ್ಚಿ ಕೊಟ್ಟವರೇ.

ಚಿತ್ರವನ್ನು ಹೊಗಳಿ ಮುಗಿಸಿದರೆ ಪತ್ರಿಕೆಯ ಕೆಲಸವಾಗದು. ನಮ್ಮದೊಂದು ತಕರಾರಿದೆ. ಕಥೆ ಅರ್ಧ ದಾಟಿದ ಮೇಲೆ ಪ್ರಾಣೇಶಾಚಾರ್ಯರ ಹಿಂದೆಯೇ ಹೋಗುತ್ತದೆ. ಕಾಡಿನ ಕತ್ತಲಲ್ಲಿ ಚಂದ್ರಿಯೊಡನೆ ಕೂಡಿದ ಆಚಾರ್ಯರು, ಹೆಂಡತಿ ಭಾಗೀರಥಿ ಪ್ಲೇಗಿಗೆ ಬಲಿಯಾದ ಮೇಲೆ ಊರು ಬಿಡುತ್ತಾರೆ. ದಾರಿಯಲ್ಲಿ ಪುಟ್ಟ ಎಂಬುವನ ಜೊತೆ ಮೇಳಿಗೆಯ ತೇರಿನ ಜನಜಂಗುಳಿಯಲ್ಲಿ ತಮ್ಮ ಮನಸ್ಸನ್ನು ತಾವೇ ಕುಟುಕಿಕೊಳ್ಳುತ್ತ ಅಲೆಯುತ್ತಾರೆ. ಒಬ್ಬ ಪಂಡಿತನ ಅಂತಃಕರಣ ಕಲಕಿತು, ಒಪ್ಪಿದೆವು. ಆದರೆ ಚಂದ್ರಿ ಏನಾದಳು? ಅವಳು ಕುಂದಾಪುರದ ದಾರಿ ಹಿಡಿಯುವುದರೊಡನೆ ಕಥೆಗೆ ಅವಳು ಬೇಡವಾಗುತ್ತಾಳೆ. ಬ್ಯಾರಿ ಏನಾದ? ಗುಡಿಸಲು ಸುಟ್ಟ ಕೇರಿಯವರು ಎಲ್ಲಿ ಮಲಗಿದರು? ಮಾಡಿದವರು ಸರಿದುಹೋಗಿ, ಯೋಚಿಸಿದವರು ಮಾತ್ರ ಪರದೆಯ ಮೇಲೆ ಉಳಿಯುತ್ತಾರೆ. ಓದುಬರಹ ಬಲ್ಲವರು ತೆಗೆದ ಚಿತ್ರಕ್ಕೆ ಓದುಬರಹ ಬಲ್ಲವನ ಸಂಕಟವೇ ದೊಡ್ಡದಾಗಿ ಕಂಡದ್ದು ಸಹಜವಿರಬಹುದು. ಗಾಡಿಯ ಹಿಂದೆ ಹೋಗುವ ಚಿತ್ರವನ್ನು ಯಾರಾದರೂ ತೆಗೆಯಲಿ ಎಂದು ನಮ್ಮ ಆಸೆ.

“ಈಗೆಲ್ಲೈತೆ” ಎಂದವರಿಗೆ ಈಗ ಬರೋಣ. ದೂರ ಹೋಗಬೇಕಾಗಿಲ್ಲ, 2021ರ ಏಪ್ರಿಲ್ ಮೇ ತಿಂಗಳು ಸಾಕು. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದವು. ತಾವರೆಕೆರೆ ಬಳಿಯ ಗಿಡ್ಡೇನಹಳ್ಳಿಯಲ್ಲಿ ಬಯಲಿನಲ್ಲೇ ಸಾಲುಚಿತೆ ಹಚ್ಚಿದರು. ಅಲ್ಲಿ ಬಂದವರಿಗೆ ಉಚಿತ ಕಾಫಿ ಟೀ ಉಂಟೆಂದು ನಾಯಕರ ಭಾವಚಿತ್ರಗಳ ಸಹಿತ ಫ್ಲೆಕ್ಸ್ ಕಟ್ಟಿದ್ದರು. ಜನ ಛೀಮಾರಿ ಹಾಕಿದ ಮೇಲೆ ಬಿಚ್ಚಿದರು. ದೂರ್ವಾಸಪುರದವರಿಗೆ ಫ್ಲೆಕ್ಸ್ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಮಕ್ಕಳೇ ತಂದೆಯ ಹೆಣ ಮುಟ್ಟಲು ಹೆದರಿದ ಆ ದಿನಗಳಲ್ಲಿ ಮುಸಲ್ಮಾನ ತರುಣರ ತಂಡಗಳು ಆಂಬುಲೆನ್ಸು ಹತ್ತಿ, ಸತ್ತವರು ಯಾವ ಮತದವರೆಂದು ಕೇಳದೆ, ಹಿಂದುಗಳಿಗೆ ಚಿತೆ, ಕ್ರೈಸ್ತರಿಗೆ ಗೋರಿ ಎಂದು ಅವರವರ ಪದ್ಧತಿಯಂತೆ ಕ್ರಿಯೆ ಮುಗಿಸಿಕೊಟ್ಟವು. ಅದೇ ಮೇ ತಿಂಗಳಲ್ಲಿ, ಅದೇ ನಗರದ ಕೋವಿಡ್ ವಾರ್ ರೂಮಿನಲ್ಲಿ, ದುಡಿಯುತ್ತಿದ್ದ ನೂರಾರು ಜನರ ಪೈಕಿ ಒಂದೇ ಮತದವರ ಹೆಸರುಗಳನ್ನು ಆರಿಸಿ ಕ್ಯಾಮೆರಾದ ಮುಂದೆ ಓದಿದ ಜನಪ್ರತಿನಿಧಿಗಳನ್ನೂ ನಾವು ಕಂಡೆವು. ಅಹಮದ್ ಬ್ಯಾರಿ ಹಗಲಿನಲ್ಲಿ ಹೆಣ ಎತ್ತದೆ ರಾತ್ರಿ ಏಕೆ ಎತ್ತಿದನೆಂದು ಕೇಳಿದ ಹುಡುಗನಿಗೆ ಇದನ್ನೇ ಹೇಳಿದೆವು.

ಇನ್ನು ನೆಲದ ಪ್ರಶ್ನೆ. ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಕೊಡಬೇಕೆಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಹೇಳಿತು. ಸಾಕಷ್ಟು ಕೆಲಸವಾಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿ ಮತ್ತೆ ಅದೇ ಹೈಕೋರ್ಟಿಗೆ ಹೋಯಿತು. ಸ್ವಂತ ಹೊಲ ಇದ್ದವರು ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹೊಲವಿಲ್ಲದವನಿಗೆ ಸತ್ತಾಗಲೂ ಮೂರು ಮೊಳ ನೆಲವಿಲ್ಲ. ಭೂಮಿಯ ಬೆಲೆ ಎಕರೆಗೆ ಕೋಟಿಯ ಮಾತಾಗಿರುವ ನಮ್ಮ ಸೀಮೆಯಲ್ಲಿ ಹಳೆಯ ಬಂಡಿಜಾಡುಗಳು ಒಂದೊಂದಾಗಿ ತಂತಿಬೇಲಿಯೊಳಗೆ ಸೇರುತ್ತಿವೆ, ಅವುಗಳ ಜೊತೆಗೆ ಸ್ಮಶಾನದ ದಾರಿಗಳೂ.

ಈಚೆಗೆ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ (ಹೆಸರು ಬೇಡ, ಅಲ್ಲಿನವರಿಗೆ ಇನ್ನೂ ಅಲ್ಲಿಯೇ ಬಾಳಬೇಕಾಗಿದೆ) ಕಾಲೋನಿಯ ಮುದುಕಿಯೊಬ್ಬರು ತೀರಿಕೊಂಡರು. ಮಗಳು ಗಾರ್ಮೆಂಟ್ಸ್ ಕೆಲಸದವಳು. ಸ್ಮಶಾನಕ್ಕೆ ಹೋಗುವ ಜಾಡಿಗೆ ಅಡ್ಡವಾಗಿ ಬೇಲಿ ಬಿದ್ದಿತ್ತು. ಚಟ್ಟವನ್ನು ಬೇಲಿಯ ಮುಂದೆ ಇಳಿಸಿ ಜನ ಕೂತರು. ಜಮೀನಿನವರು ಸರ್ವೆ ಆಗಲಿ ಎಂದರು. ಸರ್ವೆಯವರು ಮೇಲಿನವರ ಆದೇಶ ಬೇಕೆಂದರು. ಮೇಲಿನವರು ಅರ್ಜಿ ಬರಲಿ ಎಂದರು. ಇನ್ನೊಂದು ಕಚೇರಿಯವರು ಇದು ತಮ್ಮ ವ್ಯಾಪ್ತಿಯಲ್ಲ ಎಂದರು. ಪಾರಿಜಾತಪುರ, ಕೈಮರ, ಮಠ! ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಹೆಣ ಬಿಸಿಲಿನಲ್ಲಿತ್ತು. ಸೊಪ್ಪು ತರಕಾರಿ ಮಾರುವವರೊಬ್ಬರು ತಮ್ಮ ಗೂಡ್ಸ್ ಆಟೋದ ಕ್ರೇಟುಗಳನ್ನು ರಸ್ತೆಗೆ ಇಳಿಸಿ, ಹೆಣವನ್ನು ಹೇರಿಕೊಂಡು, ಹೆದ್ದಾರಿಯಿಂದ ಸುತ್ತುಹಾಕಿ ಇನ್ನೊಂದು ಕಡೆಯಿಂದ ಸ್ಮಶಾನ ಮುಟ್ಟಿಸಿದರು. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ದಿನದ ಸೊಪ್ಪು ಬಾಡಿಹೋಯಿತು, ಅದರ ನಷ್ಟ ಅವರದೇ. ಬೇಲಿಯ ಎರಡೂ ಕಡೆ ನಿಂತು ನೋಡಿದವರಲ್ಲಿ ಕೆಲವರು ಮೊನ್ನೆ ಸೋಂಪುರದಲ್ಲಿ ನಮ್ಮ ಹಿಂದೆ ಕೂತು ಗರುಡಾಚಾರ್ಯನನ್ನು ಕಂಡು ನಗುತ್ತಿದ್ದರು.

ಆ ದಾರಿ ಬಿಡಿಸಿಕೊಡಬೇಕೆಂಬ ಅರ್ಜಿಯನ್ನು ಪ್ರದರ್ಶನ ಮುಗಿದ ರಾತ್ರಿಯೇ ಓದಿದೆವು. ನಲವತ್ತೊಂದು ಸಹಿ ಬಿದ್ದಿವೆ. ನಕ್ಕವರಲ್ಲಿ ಮೂವರದೂ ಅದರಲ್ಲಿ ಸೇರಿವೆ, ಮಿಕ್ಕವರು ಮನೆಯಲ್ಲಿ ಕೇಳಿ ಹೇಳುತ್ತೇವೆಂದು ಹೊರಟುಹೋದರು. ಅರ್ಜಿಯ ಪ್ರತಿ ಸಂತೆಬೀದಿಯ ದಿನಸಿ ಅಂಗಡಿಯಲ್ಲಿದೆ. ಎರಡನೆಯ ಪಾಳಿಯವರಿಗಾಗಿ ಅಂಗಡಿಯವರು ರಾತ್ರಿ ಹನ್ನೊಂದರ ತನಕ ಬಾಗಿಲು ತೆರೆದಿಡಲು ಒಪ್ಪಿದ್ದಾರೆ.